ಕೆಂಪು ಮುಖದ ಭಟ್ರು

ಆಗ ನನಗೆ ಅರವತ್ತೆರಡು. ಅದಾಗಿ ಈಗ ಹನ್ನೊಂದು ವರ್ಷ. ವಡೋದರಾದ ಫತೇಗಂಜಿನಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಗಲ್ಲೆಯಲ್ಲಿ ಮಗ, ಅಡಿಗೆಮನೆಯಲ್ಲಿ ನಾನು, ದೋಸೆ ಕಾವಲಿಯ ಮುಂದೆ ಭಟ್ರು. ಆ ವರ್ಷ ಒಂದು ಶನಿವಾರ ನಾನು ಎಂಟು ಜನರ ಎದುರು ಭಟ್ರನ್ನು ಕುಡುಕ ಎಂದೆ. ಅವರು ಕುಡುಕರಾಗಿರಲಿಲ್ಲ. ಹೋದ ತಿಂಗಳು ತೀರಿಕೊಂಡರು. ಇಲ್ಲಿಯ ಕನ್ನಡ ಸಂಘದವರು ಸೇರಿ ಎರಡು ನಿಮಿಷ ಎದ್ದು ನಿಂತರು. ಕೂತ ಮೇಲೆ ನನ್ನ ಹಿಂದಿನ ಸಾಲಿನಲ್ಲಿ ಯಾರೋ ಹೇಳಿದರು, “ಕೈ ರುಚಿ ಭಾರಿ ಮಾರಾಯ್ರೆ. ಆದ್ರೆ ಆ ಒಂದು ಚಟ ಇರ್ಲಿಲ್ಲ ಅಂದ್ರೆ...”

ನಾನು ತಿರುಗಿ ನೋಡಲಿಲ್ಲ. ಆ ಮಾತು ಹುಟ್ಟಿದ್ದೇ ನನ್ನ ಬಾಯಲ್ಲಿ. ಅದಕ್ಕೇ ಸಂಘದ ಪುಸ್ತಕಕ್ಕೆ ಇದನ್ನು ಬರೆದು ಕೊಡುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರನ್ನು ಬಲ್ಲವರಿಗೆ ಗೊತ್ತಾಗುತ್ತದೆ, ಅವರಿಗೇ ಗೊತ್ತಾಗಬೇಕಾದ್ದು.

ಭಟ್ರು ಕುಂದಾಪುರದ ಕಡೆಯವರು. ಕುಳ್ಳು, ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ಮೈ. ಬೆಳಿಗ್ಗೆ ಐದಕ್ಕೆ ಮಿಂದು ಗಂಧ ಇಟ್ಟುಕೊಂಡು ಬಂದು ಕಾವಲಿಗೆ ನೀರು ಚಿಮುಕಿಸುತ್ತಿದ್ದರು. ಚಿಮುಕಿಸಿ ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ತಲೆ ಒಂದು ಬದಿಗೆ ವಾಲಿಸಿ, ಕಾವಲಿ ಏನೋ ಗುಟ್ಟು ಹೇಳುತ್ತಿದೆ ಎಂಬ ಹಾಗೆ. “ಇನ್ನೂ ಸಿಟ್ಟಂಗೆ ಇತ್ತ್ ಅಮ್ಮ” ಎಂದರೆ ಕಾವಲಿ ಹೆಚ್ಚು ಕಾದಿದೆ ಎಂದು ಅರ್ಥ. “ಈಗ ಮಾತಿಗೆ ಬಂತ್” ಎಂದರೆ ಮೊದಲ ದೋಸೆ ಬಿತ್ತು. ಹದಿನಾಲ್ಕು ವರ್ಷದಲ್ಲಿ ಅವರ ಮೊದಲ ದೋಸೆ ಅಂಟಿದ್ದನ್ನು ನಾನು ಕಾಣಲಿಲ್ಲ.

ಗುಜರಾತಿಯನ್ನು ಕುಂದಾಪುರದ ರಾಗದಲ್ಲಿ ಮಾತಾಡುತ್ತಿದ್ದರು. ಇಲ್ಲಿಯವರಿಗೆ ಸಾಂಬಾರು ಸಿಹಿ ಬೇಕು. ಒಬ್ಬ ಗಿರಾಕಿ ದಿನಾ ಕಿಟಕಿಗೆ ಬಂದು ಸಾಂಬಾರಿಗೆ ಬೆಲ್ಲ ಸಾಲದು ಎನ್ನುವನು. ಭಟ್ರು ಒಂದು ದಿನ ಬಟ್ಟಲು ತುಂಬ ಬೆಲ್ಲ ಇಟ್ಟು, ಪಕ್ಕಕ್ಕೆ ಒಂದು ಚಮಚ ಸಾಂಬಾರು ಇಟ್ಟು ಕಳಿಸಿದರು. ಅವನು ನಕ್ಕು ನಕ್ಕು ತಿಂದ. ಮರುದಿನದಿಂದ ಅದನ್ನೇ ಕೇಳಿದ. “ಕಾಣಿ ಅಮ್ಮ, ನಾನ್ ತಮಾಷೆ ಮಾಡೂಕ್ ಹೋರೆ ಈ ಊರಿನವ್ರಿಗೆ ಅದೇ ರುಚಿ ಆತ್ತ್” ಎಂದು ಕೈ ಚೆಲ್ಲಿದರು.

ಮುಖ ಕೆಂಪಾಗಲು ಯಾವಾಗ ಶುರುವಾಯಿತೋ ಸರಿಯಾಗಿ ಗೊತ್ತಿಲ್ಲ. ಮೊದಲು ಒಲೆಯ ಝಳ ಎಂದುಕೊಂಡೆವು. ಆದರೆ ಝಳದ ಕೆಂಪು ಹಾಗಿರುವುದಿಲ್ಲ. ಕುತ್ತಿಗೆಯಿಂದ ಮೇಲಕ್ಕೆ ಯಾರೋ ಕುಂಕುಮದ ನೀರು ಏರಿಸಿದ ಹಾಗೆ ಏರುತ್ತಿತ್ತು. ಕಿವಿಯ ತುದಿಯವರೆಗೆ. ಎರಡು ನಿಮಿಷ ಕಿಟಕಿಯ ಕಟ್ಟೆ ಹಿಡಿದು ನಿಲ್ಲುವರು, ಮತ್ತೆ ಇಳಿದುಹೋಗುವುದು. ಊಟವಾದ ಮೇಲೆ ಹೆಚ್ಚು. ಇಲ್ಲಿ ಅಡಿಗೆಯವರನ್ನು ಮಹಾರಾಜ ಎನ್ನುತ್ತಾರೆ. ನಮ್ಮ ಪಾತ್ರೆ ತೊಳೆಯುವ ಹೆಂಗಸು ಅವರಿಗೆ ಲಾಲ್ ಮಹಾರಾಜ ಎಂದು ಹೆಸರಿಟ್ಟಳು. “ಮಹಾರಾಜ, ಆಜೆ ಕೇಟ್ಲಿ ಪೀಧಿ?” ಎಂದು ಕೇಳುವಳು. ಇವತ್ತೆಷ್ಟು ಏರಿಸಿದಿರಿ ಎಂದು. ಎಲ್ಲರೂ ನಗುವರು. ಭಟ್ರೂ ನಗುವರು. ನಾನು ನಗುತ್ತಿರಲಿಲ್ಲ.

ಗುಜರಾತಿನಲ್ಲಿ ಹೆಂಡ ನಿಷೇಧ. ಕುಡಿಯುವವರು ಇಲ್ಲವೆಂದಲ್ಲ, ಬೇಕಾದಷ್ಟಿದ್ದಾರೆ. ಆದರೆ ಕದ್ದು ಕುಡಿಯಬೇಕು. ಹಾಗಾಗಿ ಇಲ್ಲಿಯವರ ಕಣ್ಣು ಬೇರೆ ಥರ. ಬೇರೆ ಊರಿನಲ್ಲಿ ಮುಖ ಕೆಂಪಾದರೆ ಬಿಸಿಲೇ, ಜ್ವರವೇ ಎಂದು ಕೇಳುತ್ತಾರೆ. ಇಲ್ಲಿ ಬಾಟಲಿ ಎಲ್ಲಿಟ್ಟಿದ್ದಾನೆ ಎಂದು ನೋಡುತ್ತಾರೆ. ನಲವತ್ತು ವರ್ಷ ಇಲ್ಲಿದ್ದು ನನಗೂ ಅದೇ ಕಣ್ಣು ಬಂದಿತ್ತು. ಹೋಟೆಲಿನಲ್ಲಿ ಹೆಂಡ ಸಿಕ್ಕಿತೆಂದರೆ ಪೊಲೀಸರು ಮಗನನ್ನು ಎಳೆದುಕೊಂಡು ಹೋಗುತ್ತಾರೆ ಎಂಬ ಹೆದರಿಕೆ ಬೇರೆ.

ಅದೂ ಅಲ್ಲದೆ ಭಟ್ರು ದಿನಕ್ಕೆ ಐದಾರು ಸಲ ಹಿತ್ತಿಲಿಗೆ ಓಡುತ್ತಿದ್ದರು. ಹೊಟ್ಟೆ ನಿಲ್ಲುತ್ತಿರಲಿಲ್ಲ. ಅವರದು ಮಡಿ. ಪಾಯಖಾನೆಗೆ ಹೋದವರು ಮೀಯದೆ ಕಾವಲಿ ಮುಟ್ಟುವುದಿಲ್ಲ. ಹಾಗಾಗಿ ಐದಾರು ಸಲ ಸ್ನಾನ. ವಾಕರಿಕೆ ಬಂದರೆ ಬಾಯಿಗೆ ಏಲಕ್ಕಿ. ನಾನು ಲೆಕ್ಕ ಹಾಕಿದೆ: ಮುಖ ಕೆಂಪು, ಬಾಯಲ್ಲಿ ಏಲಕ್ಕಿ, ಹೊತ್ತಲ್ಲದ ಹೊತ್ತಿಗೆ ಸ್ನಾನ. ಇನ್ನೇನು ಬೇಕು?

“ಭಟ್ರೆ, ನಿಜ ಹೇಳಿ. ಎಂತದಾದ್ರೂ ಅಭ್ಯಾಸ ಮಾಡ್ಕೊಂಡಿದ್ರ್ಯಾ?” ಎಂದು ಒಮ್ಮೆ ಕೇಳಿದ್ದೆ.

“ಇಲ್ಲೆ ಅಮ್ಮ. ಹೊಟ್ಟೆ ಸಮ ಇಲ್ಲೆ, ಅಷ್ಟೇ. ಡಾಕ್ಟ್ರ್ ಟೆನ್ಶನ್ ಅಂತ್ರ್. ನಂಗೆ ಎಂತ ಟೆನ್ಶನ್? ದೋಸೆ ಮಗುಚೂದಾ?”

ನಾನು ನಂಬಲಿಲ್ಲ.

ನಮ್ಮಲ್ಲಿ ದಿನಾ ಸೆಟ್ ದೋಸೆಗೆ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ಧಾರವಾಡದವಳು, ಡಾಕ್ಟರಿಕೆ ಓದುತ್ತಿದ್ದಳು, ಹತ್ತಿರದ ಹಾಸ್ಟೆಲಿನಲ್ಲಿದ್ದಳು. ಕಿಟಕಿಗೆ ಮೊಣಕೈ ಊರಿ ಭಟ್ರ ಮುಖ ನೋಡುತ್ತ ಏನೇನೋ ಕೇಳುವಳು. ಎಷ್ಟು ಹೊತ್ತು ಕೆಂಪಿರುತ್ತದೆ, ಉಬ್ಬಸ ಬರುತ್ತದೋ, ಹೊಟ್ಟೆ ದಿನಕ್ಕೆ ಎಷ್ಟು ಸಲ. ದೋಸೆ ಕಿಟಕಿಯಲ್ಲಿ ಎಂಥ ಮಾತು ಇದು ಎಂದು ನನಗೆ ಸಿಟ್ಟು.

ಆಮೇಲೆ ಒಮ್ಮೆ ಭಟ್ರು ವಿಚಿತ್ರವಾದರು. ಟೊಮೆಟೊ ಸಾರು ಬೇಡ. ಬದನೆ ಹುಳಿ ಬೇಡ. ಅನಾನಸಿನ ಗೊಜ್ಜು ಎಂದರೆ ಪ್ರಾಣ ಬಿಡುವವರು, ಅದೂ ಬೇಡ. ಬಾಳೆಹಣ್ಣು ಕೊಟ್ಟರೆ ಕೈ ಹಿಂದಕ್ಕೆ. “ಎಂತ ವ್ರತವಾ?” ಎಂದೆ. “ಹಾಂಗೇ ಅಂತ ತಿಳ್ಕಣಿ” ಎಂದರು. ಗಂಜಿ, ಮಜ್ಜಿಗೆ, ಉಪ್ಪು. ಮೂರು ದಿನ.

ಮೂರನೆಯ ದಿನ ಶನಿವಾರ. ಮಧ್ಯಾಹ್ನದ ಊಟದ ಗಲಾಟೆ ಮುಗಿದಿತ್ತು. ತೆಂಗಿನಕಾಯಿ ತರಲು ಹಿಂದಿನ ಕೋಣೆಗೆ ಹೋದೆ. ಮೂಟೆಗಳ ಹಿಂದೆ ಒಂದು ಬಕೆಟ್ಟಿನಲ್ಲಿ ನೀರು, ಅದರೊಳಗೆ ಒದ್ದೆ ಗೋಣಿ ಸುತ್ತಿದ ಒಂದು ಕಪ್ಪು ಕ್ಯಾನು. ತಂಪಿಗೆ ಇಟ್ಟದ್ದು. ಅರ್ಧ ತುಂಬಿತ್ತು. ಅದನ್ನು ಎತ್ತಿಕೊಂಡು ಹಿತ್ತಿಲಿಗೆ ಬಂದೆ. ಕೆಲಸದವರೆಲ್ಲ ಅಲ್ಲೇ ಕೂತು ಉಣ್ಣುತ್ತಿದ್ದರು.

“ಇದ್ ಯಾರ್ದ್?”

ಭಟ್ರು ಬಟ್ಟಲು ಬಿಟ್ಟು ಎದ್ದರು. ಮುಖ ಕೆಂಪೇರಿತು, ಆ ಹೊತ್ತಿಗೆ ಸರಿಯಾಗಿ.

“ನಂದೇ ಅಮ್ಮ.”

“ಇಷ್ಟ್ ವರ್ಷ ಅನ್ನ ಹಾಕಿದ ಮನೆಯಂಗೆ ಹೆಂಡ ತಂದಿಡ್ತ್ಯಾ ನೀನು?”

ಅದುವರೆಗೆ ಅವರಿಗೆ ನೀವು ಎಂದೇ ಹೇಳುತ್ತಿದ್ದವಳು ನಾನು. ಅವರು ಒಮ್ಮೆ ಕ್ಯಾನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಆಮೇಲೆ ಗಿರಾಕಿಗಳು ಕೂರುವ ಕಡೆಯ ಬಾಗಿಲನ್ನು ನೋಡಿದರು. ಬಾಯಿ ತೆರೆದು ಮುಚ್ಚಿದರು.

“ಚೆಲ್ಬೇಡಿ ಅಮ್ಮ” ಎಂದರು. ಅಷ್ಟೇ.

ಪಾತ್ರೆ ತೊಳೆಯುವವಳು ಕಿಸಕ್ಕೆಂದಳು. ನಾನು ಮುಚ್ಚಳ ತಿರುಗಿಸಿ ಪೂರ್ತಿ ಮೋರಿಗೆ ಸುರಿದೆ. ಮೋರಿಯ ಕಲ್ಲಿನ ಮೇಲೆ ಬುರುಬುರು ನೊರೆ ಬಂತು. ಎರಡು ಕೊಡ ನೀರು ಹೊಯ್ದೆ.

ಮರುದಿನ ಮಧ್ಯಾಹ್ನದ ಗಾಡಿಗೆ ಭಟ್ರು ಸೂರತ್ತಿಗೆ ಹೋದರು. ಹೋಗು ಎಂದು ನಾನು ಹೇಳಲಿಲ್ಲ, ನಿಲ್ಲಿ ಎಂದೂ ಹೇಳಲಿಲ್ಲ. ಅವರು ಹೊರಡುವ ಮೊದಲು, ಆ ಬೆಳಿಗ್ಗೆ ಏನಾಯಿತು ಎಂಬುದನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ಮುಂದಿನದು ಬರೆಯಲು ಕೈ ಬರುವುದಿಲ್ಲ.

ಆ ಧಾರವಾಡದ ಹುಡುಗಿ ಸೋಮವಾರ ಬಂದಳು. ಕಾವಲಿಯ ಮುಂದೆ ಬೇರೆಯವನಿದ್ದ.

“ಭಟ್ಟರು ಎಲ್ಲಿ ಹೋದ್ರಿ ಅಮ್ಮಾರ?”

“ಕೆಲಸ ಬಿಟ್ರು.”

“ಅಯ್ಯ, ಹಿಂಗ್ಯಾಕ? ನಿನ್ನಿ ಮುಂಜಾನೆ ಅವರು ನನ್ನ ಕೈಯಾಗ ಒಂದು ಕ್ಯಾನ್ ಕೊಡಬೇಕಿತ್ರಿ. ಲ್ಯಾಬಿಗೆ ಮುಟ್ಟಸ್ತೀನಿ ಅಂದಿದ್ದೆ. ಅವರ ಫೋನ್ ನಂಬರ್ ಐತೇನ್ರಿ?”

“ಇಲ್ಲ” ಎಂದೆ. ಇತ್ತು. ಎಂಥ ಕ್ಯಾನು, ಯಾಕೆ ಲ್ಯಾಬು ಎಂದು ಕೇಳಲೂ ಇಲ್ಲ. ಅವಳಿಗೆ ಸೆಟ್ ದೋಸೆಯ ಜೊತೆ ಒಂದು ಹೆಚ್ಚಿಗೆ ಹಾಕಿಸಿದೆ. ಅವಳು ಆ ವರ್ಷವೇ ಓದು ಮುಗಿಸಿ ಊರಿಗೆ ಹೋದಳು.

ನಾಲ್ಕು ವರ್ಷ ಕಳೆಯಿತು. ಒಂದು ದಿನ ಭಟ್ರ ಹೆಂಡತಿಯ ಫೋನು. ಸೂರತ್ತಿನ ಮೆಸ್ಸಿನಲ್ಲಿ ಭಟ್ರು ಹೊಟ್ಟೆ ಹಿಡಿದುಕೊಂಡು ಬಿದ್ದರು, ಕರುಳು ಕಟ್ಟಿಕೊಂಡಿತ್ತು, ಅಹಮದಾಬಾದಿನ ದೊಡ್ಡಾಸ್ಪತ್ರೆಗೆ ಹಾಕಿದ್ದಾರೆ. ತಾನು ಬಂದಿದ್ದೇನೆ, ಇಲ್ಲಿ ಯಾರ ಮಾತೂ ತಿಳಿಯುವುದಿಲ್ಲ, ಗುಜರಾತಿನಲ್ಲಿ ನಿಮ್ಮ ಹೆಸರೊಂದೇ ಗೊತ್ತು ಎಂದಳು. ಹೋದೆ. ಡಾಕ್ಟರ ಹಿಂದಿಯನ್ನು ಅವರಿಗೆ ಕನ್ನಡದಲ್ಲಿ, ಅವರ ಕನ್ನಡವನ್ನು ಡಾಕ್ಟರಿಗೆ ಹಿಂದಿಯಲ್ಲಿ ಹೇಳುವ ಕೆಲಸ ನನ್ನದಾಯಿತು. ಹಿಂದಿ ಓದಲು ಬಾರದಿದ್ದರೂ ಮಾತಿಗೆ ತೊಂದರೆಯಿಲ್ಲ.

ಡಾಕ್ಟರು ಒಳ್ಳೆಯವರು. ಕೂತು ಹೇಳಿದರು. ಸಣ್ಣ ಕರುಳಿನಲ್ಲಿ ಒಂದು ನೆಲ್ಲಿಕಾಯಿಯಷ್ಟು ಗಡ್ಡೆ. ಕ್ಯಾನ್ಸರೇ, ಆದರೆ ಓಡುವ ಜಾತಿಯದಲ್ಲ. ಗ್ರಂಥಿಗಳು ರಸ ಬಿಡುವ ಹಾಗೆ ಇದು ಒಂದು ರಸವನ್ನು ರಕ್ತಕ್ಕೆ ಬಿಡುತ್ತದೆ. ಆ ರಸಕ್ಕೇ ಮುಖ ಕೆಂಪಾಗುವುದು, ಹೊಟ್ಟೆ ಹರಿಯುವುದು. ಬಹಳ ವರ್ಷದಿಂದ ಇದೆ. ಈಗ ಲಿವರಿನಲ್ಲೂ ಹರಡಿದೆ, ಹೃದಯದ ಬಾಗಿಲುಗಳೂ ಗಟ್ಟಿಯಾಗುತ್ತಿವೆ.

ನಾನು ಭಟ್ರ ಹೆಂಡತಿಗೆ ಹೇಳಿದೆ, “ನಿಧಾನದ ಕಾಯಿಲೆ ಅಂತೆ.”

“ನಿಧಾನ ಅಂದ್ರೆ ಒಳ್ಳೇದಲ್ದಾ ಅಮ್ಮ?”

ಅದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ. ಡಾಕ್ಟರು ಭಟ್ರ ಹೊಟ್ಟೆಯ ಮೇಲೆ ಬೆರಳಿಟ್ಟು ತಟ್ಟಿ ನೋಡುತ್ತಿದ್ದರು. ಭಟ್ರು ಮಲಗಿದಲ್ಲೇ ತಲೆ ಒಂದು ಬದಿಗೆ ವಾಲಿಸಿದರು, ಕಾವಲಿಯ ಮುಂದೆ ವಾಲಿಸುತ್ತಿದ್ದ ಹಾಗೇ. “ಎಂತ ಹೇಳ್ತ್ ಅಂಬ್ರ್ ಅದ್?” ಎಂದು ನನ್ನನ್ನು ಕೇಳಿದರು. ನನಗೆ ನಗು ಬಂತು. ಅಲ್ಲಿ ನಗಬಾರದಿತ್ತು.

ಆಮೇಲೆ ಡಾಕ್ಟರು ಕೇಳಿದರು, “ಮಾಸಿ, ಇವರನ್ನು ಕೇಳಿ. ಮೊದಲು ಯಾರೂ ಇದನ್ನು ಅನುಮಾನಿಸಲಿಲ್ಲವೇ? ಒಂದು ಹಗಲು ಒಂದು ರಾತ್ರಿಯ ಮೂತ್ರ ಕೂಡಿಹಾಕಿ ಪರೀಕ್ಷೆಗೆ ಕಳಿಸುವುದಿದೆ. ಆಸಿಡ್ ಹಾಕಿದ ಕ್ಯಾನು ಕೊಡುತ್ತಾರೆ. ಮೂರು ದಿನ ಮೊದಲೇ ಬಾಳೆಹಣ್ಣು, ಟೊಮೆಟೊ, ಅನಾನಸು ಬಿಡಬೇಕು. ಅದನ್ನು ಮಾಡಿಸಿರಲಿಲ್ಲವೇ?”

 ಕೇಳಲೇಬೇಕಿತ್ತು. ಕೇಳಿದೆ.

ಭಟ್ರು ನನ್ನ ಮುಖ ನೋಡದೆ ಸೂರು ನೋಡಿದರು. “ಒಂದ್ ಸಲ ಮಾಡೂಕ್ ಹೊರಟದ್ದಿತ್ತ್. ಕ್ಯಾನ್ ಚೆಲ್ಲಿ ಹೋಯ್ತ್ ಅಂತ ಹೇಳಿ ಅಮ್ಮ.”

ನಾನು ಡಾಕ್ಟರಿಗೆ ಹೇಳಿದೆ, “ಗಿರ್ ಗಯಾ.”

“ಮತ್ತೆ ಯಾಕೆ ಮಾಡಿಸಲಿಲ್ಲ?”

ಅದನ್ನು ನಾನು ಭಟ್ರಿಗೆ ಕೇಳಲಿಲ್ಲ. ನಾನೇ ಉತ್ತರ ಕೊಟ್ಟೆ: ಊರು ಬಿಟ್ಟರು, ಸಮಯ ಸಿಗಲಿಲ್ಲ. ಹೊರಗೆ ಬಂದು ಡಾಕ್ಟರನ್ನು ಒಬ್ಬರೇ ಹಿಡಿದೆ. ನಾಲ್ಕು ವರ್ಷ ಮೊದಲು ಗೊತ್ತಾಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. “ಆಗ ಲಿವರು ಹೇಗಿತ್ತೋ ನನಗೇನು ಗೊತ್ತು ಮಾಸಿ? ಇರಬಹುದು, ಗಡ್ಡೆ ಪೂರ್ತಿ ತೆಗೆಯಬಹುದಿತ್ತು. ಇಲ್ಲದಿರಬಹುದು. ಹೃದಯವನ್ನಾದರೂ ಸ್ವಲ್ಪ ಉಳಿಸಬಹುದಿತ್ತು. ಯಾಕೆ ಕೇಳುತ್ತೀರಿ?” ಸುಮ್ಮನೆ ಎಂದೆ.

ಹೆಂಡತಿ ವರಾಂಡದಲ್ಲಿ ಕೂತಿದ್ದಳು. ಕುಡುಕ ಎಂಬ ಸುದ್ದಿ ಊರಿಗೂ ಹೋಗಿತ್ತಂತೆ. ಎರಡು ವರ್ಷ ಅವಳು ಅವರ ಫೋನು ಎತ್ತಲಿಲ್ಲವಂತೆ. ಮಗಳ ಮದುವೆಯಲ್ಲಿ ಧಾರೆಗೆ ಭಾವನವರನ್ನು ನಿಲ್ಲಿಸಿದರಂತೆ. “ಅವ್ರ್ ಚಪ್ಪರದ ಹೊರಗೆ ಕೂತ್ಕಂಡ್ ಎಲೆ ಒರೆಸ್ತಾ ಇದ್ರ್ ಅಮ್ಮ” ಎಂದಳು. ಆಮೇಲೆ ಕೇಳಿದಳು, “ಹಾಂಗಾರೆ ಆ ದಿನ ಕ್ಯಾನಿನಂಗೆ ಇದ್ದದ್ ಎಂತದ್?”

“ನೆನಪಿಲ್ಲ” ಎಂದೆ.

ಕರುಳಿನ ಗಡ್ಡೆ ತೆಗೆದರು. ಲಿವರಿನದು ತೆಗೆಯಲಿಕ್ಕೆ ಬರುವ ಹಾಗಿರಲಿಲ್ಲ. ರಸ ಕಡಿಮೆ ಮಾಡಲು ಇಪ್ಪತ್ತೆಂಟು ದಿನಕ್ಕೊಂದು ಇಂಜೆಕ್ಷನು, ಕುಂಡೆಗೆ, ಅಹಮದಾಬಾದಿನಲ್ಲೇ. ಭಟ್ರು ಸೂರತ್ತಿನ ಮೆಸ್ಸಿನಲ್ಲಿ ಕೂತು ಮಾಡುವ ಕೆಲಸ ಹಿಡಿದರು. ತರಕಾರಿ ಹೆಚ್ಚುವುದು, ಅಕ್ಕಿ ಆರಿಸುವುದು. ಕಾವಲಿಯ ಮುಂದೆ ನಿಲ್ಲಲು ಕಾಲು ಊದುತ್ತಿತ್ತು. ಸೂರತ್ತಿನಿಂದ ಅಹಮದಾಬಾದಿಗೆ ಹೋಗುವ ಗಾಡಿ ವಡೋದರಾದಲ್ಲಿ ಐದು ನಿಮಿಷ ನಿಲ್ಲುತ್ತದೆ. ಇಪ್ಪತ್ತೆಂಟು ದಿನಕ್ಕೊಮ್ಮೆ ನಾನು ಪ್ಲಾಟ್‌ಫಾರಂನಲ್ಲಿ ಬುತ್ತಿ ಹಿಡಿದು ನಿಲ್ಲುತ್ತಿದ್ದೆ. ಏಳು ವರ್ಷ. ಮೊಸರನ್ನ, ಹೆಸರುಬೇಳೆ ಕೋಸಂಬರಿ, ಖಾರ ಇಲ್ಲದ ಪಲ್ಯ. ಕಿಟಕಿಯ ಸರಳಿನೊಳಗಿಂದ ಕೊಡುವುದು, ಹೋದ ಸಲದ ಡಬ್ಬಿ ಈಸಿಕೊಳ್ಳುವುದು. ಡಬ್ಬಿ ಯಾವಾಗಲೂ ಲಕಲಕ ತೊಳೆದಿರುತ್ತಿತ್ತು.

“ಹ್ಯಾಂಗಿದ್ರಿ ಭಟ್ರೆ?”

“ಚುಚ್ಚಿದ್ ಕಡೆ ಒಂದ್ ಇಡ್ಲಿ ಆಯ್ತ್ ಅಮ್ಮ. ಎಡಕ್ಕೊಂದ್, ಬಲಕ್ಕೊಂದ್. ಒಂದ್ ಪ್ಲೇಟ್ ಆಯ್ತ್.”

ಇಂಥದ್ದೇ ಮಾತು. ಒಂದು ಸಲ ಗಾಡಿ ಹೊರಡುವ ಹೊತ್ತಿಗೆ, “ಆ ದಿನದ್ ಬನ್ಸ್ ಒಳ್ಳೆ ಉಬ್ಬಿತ್ತ್ ಅಮ್ಮ” ಎಂದರು. ನಾನು ಕೇಳಿಸದವಳ ಹಾಗೆ ಡಬ್ಬಿ ಚೀಲಕ್ಕೆ ಹಾಕಿದೆ. ಏಳು ವರ್ಷದಲ್ಲಿ ಎಷ್ಟು ಐದು ನಿಮಿಷಗಳು ಸಿಕ್ಕಿದವು! ತಪ್ಪಾಯಿತು ಎನ್ನಲು ಐದು ನಿಮಿಷ ಬೇಡ. ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಅವರ ಮೇಲೆ ನನಗೆ ಸಿಟ್ಟೂ ಇತ್ತು, ಅದನ್ನೂ ಬರೆಯುತ್ತೇನೆ.

ಕೊನೆಗೆ ಹೃದಯ ಸೋತಿತು. ಹೋದ ತಿಂಗಳು ನಾನು ಬುತ್ತಿ ಹಿಡಿದು ನಿಂತಿದ್ದಾಗಲೇ ಸೂರತ್ತಿನಿಂದ ಫೋನು ಬಂತು, ಭಟ್ರು ಈ ಗಾಡಿಯಲ್ಲಿಲ್ಲ ಎಂದು.

ಇಲ್ಲಿಗೆ ನಿಲ್ಲಿಸಿದರೆ ಓದಿದವರು, ಪಾಪ, ಮುದುಕಿಗೆ ಗೊತ್ತಾಗದೆ ಆದ ತಪ್ಪು ಎನ್ನುತ್ತಾರೆ. ಮಗನೂ ಹಾಗೇ ಎಂದುಕೊಂಡಿದ್ದಾನೆ. ಅದು ಸುಳ್ಳು.

ಮೋರಿಯ ಹತ್ತಿರ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯಿತು. ನಾಲ್ಕು ಮಕ್ಕಳ ಬಟ್ಟೆ ಒಗೆದವಳು ನಾನು, ಮಾವನವರ ಮಲಮೂತ್ರ ಮೂರು ವರ್ಷ ಬಳಿದವಳು. ಹೆಂಡ ಯಾವುದು, ಉಚ್ಚೆ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುರಿಯುವ ಮೊದಲೇ ಗೊತ್ತಾಯಿತು. ಆದರೆ ಎಂಟು ಜನರ ಎದುರು ಹೆಂಡ ಎಂದು ಕೂಗಿ ಆಗಿತ್ತು. ಉಡುಪಿ ಹೋಟೆಲಿನ ಭಟ್ರು, ತೆಂಗಿನಕಾಯಿ ಇಡುವ ಕೋಣೆಯಲ್ಲಿ ಉಚ್ಚೆಯ ಕ್ಯಾನು ಇಟ್ಟಿದ್ದರು ಎಂದು ಹೊರಗೆ ಹೋದರೆ? ಕುಡುಕ ಭಟ್ರು ಇದ್ದ ಹೋಟೆಲಿಗೆ ಜನ ಬರುತ್ತಾರೆ. ಇನ್ನೊಂದಕ್ಕೆ ಬರುವುದಿಲ್ಲ. ಭಟ್ರು ಗಿರಾಕಿಗಳ ಕಡೆಯ ಬಾಗಿಲು ನೋಡಿದ್ದು, ಬಾಯಿ ಮುಚ್ಚಿದ್ದು ಅದಕ್ಕೇ. ಅವರು ಹೋಟೆಲನ್ನು ಉಳಿಸಿದರು. ನಾನೂ ಹೋಟೆಲನ್ನೇ ಉಳಿಸಿದೆ, ಅವರನ್ನು ಕೊಟ್ಟು. ಯಾಕೆ ಇಟ್ಟಿದ್ದೀರಿ ಭಟ್ರೆ, ಮೈಗೇನಾಗಿದೆ ಎಂದು ಒಂದು ಮಾತು, ಯಾರೂ ಇಲ್ಲದಾಗ ಕರೆದು ಕೇಳಬಹುದಿತ್ತು. ಅವತ್ತು ಸಂಜೆಯಿಡೀ ಹೊತ್ತಿತ್ತು. ಕೇಳಲಿಲ್ಲ.

ಮರುದಿನ ಭಾನುವಾರ. ಭಾನುವಾರ ನಮ್ಮಲ್ಲಿ ಬನ್ಸ್. ಕಳಿತ ಬಾಳೆಹಣ್ಣು ಹಿಸುಕಿ ಹಿಂದಿನ ದಿನವೇ ಹಿಟ್ಟು ಕಲಸಿಟ್ಟಿದ್ದೆ. ಭಟ್ರು ಐದಕ್ಕೆ ಮಿಂದು ಗಂಧ ಇಟ್ಟುಕೊಂಡು ಯಾವತ್ತಿನ ಹಾಗೆ ಬಂದರು. ಕಾವಲಿಗೆ ನೀರು ಚಿಮುಕಿಸಿ ತಲೆ ವಾಲಿಸಿದರು. ಯಾರೂ ಅವರೊಡನೆ ಮಾತಾಡಲಿಲ್ಲ. ನಾನು ಎಣ್ಣೆಯಿಂದ ತೆಗೆದ ಮೊದಲ ಒಬ್ಬೆಯ ಎರಡು ಬನ್ಸ್ ತಟ್ಟೆಗೆ ಹಾಕಿ ಅವರ ಮುಂದೆ ಇಟ್ಟೆ. ಮೂರು ದಿನದಿಂದ ಬಾಳೆಹಣ್ಣು ಮುಟ್ಟದವರು ತಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿದರು.

“ಇನ್ನ್ ತಿನ್ಲಕ್ಕ್ ಅಲ್ದಾ” ಎಂದರು, ತಮಗೇ ಹೇಳಿಕೊಂಡ ಹಾಗೆ. ನಿಂತುಕೊಂಡೇ ಎರಡನ್ನೂ ತಿಂದರು. ಕೈ ತೊಳೆದು ಬರುವಷ್ಟರಲ್ಲಿ ಕುತ್ತಿಗೆಯಿಂದ ಕೆಂಪು ಏರತೊಡಗಿತು. ಕಿವಿಯವರೆಗೆ ಬಂತು. ಅವರು ಕಿಟಕಿಯ ಕಟ್ಟೆ ಹಿಡಿದುಕೊಂಡರು. ಎಲ್ಲರೂ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು.

“ಕಂಡ್ರ್ಯಾ?” ಎಂದೆ. “ಬೆಳ್ಬೆಳಿಗ್ಗೆಯೇ.”

ಹೇಳಿ ಬಾಣಲೆಯ ಕಡೆ ತಿರುಗಿ ಎರಡನೆಯ ಒಬ್ಬೆ ಬಿಟ್ಟೆ.